ಇಗ್ನಾಸನ ಕೂಗು

ಗಾಳಿ ಉತ್ತರದಿಂದ ಬೀಸಲು ಶುರುವಾದ ಬೆಳಿಗ್ಗೆಯೇ ಜೋಕಿಮ್ ಬಂದ. ಬರಿಗೈಯಲ್ಲಿ ಬರಲಿಲ್ಲ. ಕಂಪನಿ ಅಂಗಡಿಯ ಚಹಾಪುಡಿ ಒಂದು ಪೊಟ್ಟಣ, ಒಣಗಿದ ಸೌದೆ ಒಂದು ಹೊರೆ ತಂದಿದ್ದ. ಹೊರೆ ಇಳಿಸಿ, ಡೇರೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಹೇಳಬೇಕಾದ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದ. ಉಬ್ಬರ ಬಂದು ನಿಲ್ಲುವ ಅಂಚಿನಲ್ಲಿ ಬೆಳಗಿನ ಹೊತ್ತು ಮಂಜುಗಡ್ಡೆ ಕಟ್ಟುತ್ತಿದೆಯಂತೆ. ಬಿಳಿ ಬಾತುಗಳು ಆಗಲೇ ಹೊರಟುಬಿಟ್ಟವಂತೆ. ಅವನ ಚಿಕ್ಕ ಮಗಳ ಬೂಟು ಸೋರುತ್ತಿದೆಯಂತೆ.

ಯುಲಾಲಿ ಹೆಬ್ಬಾತಿನ ಪುಕ್ಕ ಕೀಳುತ್ತಿದ್ದಳು. ತಲೆ ಎತ್ತಲಿಲ್ಲ.

"ಅತ್ತಿಗೆ, ನಿನ್ನೆ ಮಧ್ಯಾಹ್ನ ನೀನು ಬೇಟೆ ಮರೇಲಿ ಕೂತು ಬಾತು ಕರೆಯೋಕೆ ಕೂಗ್ತಿದ್ದೆ ನೋಡು," ಎಂದ ಜೋಕಿಮ್. "ಕೇಳಿ ನನ್ನ ನಾಯಿ ಎದ್ದು ಓಡಿಹೋಯ್ತು. ಹೆಬ್ಬಾತಲ್ಲ, ಕರಡಿ ಬಂತು ಅಂದ್ಕೊಂಡಿರ್ಬೇಕು."

"ನಿನ್ನ ಮುಖ ನೋಡಿ ಓಡಿರತ್ತೆ. ನನ್ನ ಮೇಲೆ ಯಾಕೆ ಹಾಕ್ತೀಯಾ?"

ಡೇರೆಯೊಳಗಿಂದ ಅಗಾತಜ್ಜಿ ಕಿಸಕ್ಕನೆ ನಕ್ಕಳು. ಯುಲಾಲಿಯ ಅತ್ತೆ ಅವಳು. ಕಣ್ಣಿಗೆ ಪೊರೆ ಬಂದು ಮಸುಕಾಗಿತ್ತು, ಕಿವಿ ಮಾತ್ರ ಎರಡು ಪಾಲು ಚುರುಕಾಗಿತ್ತು. "ಅವಳ ಬಾಯಿಗೆ ಸಿಕ್ಕಿ ಗೆಲ್ತೀನಿ ಅಂದ್ಕೊಂಡ್ಯಾ ಮಗನೇ? ನನ್ನ ಮಗನ ಕೈಲೇ ಆಗ್ಲಿಲ್ಲ!" ಎಂದಳು.

ಮಗ ಎಂದರೆ ಇಗ್ನಾಸ್, ಯುಲಾಲಿಯ ಗಂಡ. ಜೋಕಿಮ್ ತನ್ನ ಟೋಪಿ ತೆಗೆದು, ಒಳಗೆ ಏನೋ ಇದೆ ಎಂಬಂತೆ ನೋಡಿ, ಮತ್ತೆ ಹಾಕಿಕೊಂಡ.

"ಹೇಳೇ ಬಿಡ್ತೀನಿ," ಎಂದ. "ಕೊನೇ ಹಿಂಡು ಇವತ್ತೋ ನಾಳೆಯೋ ಹೊರಡತ್ತೆ. ಆಮೇಲೆ ನಾನು ನಿಲ್ಲೋಕಾಗಲ್ಲ. ನದಿ ಹೆಪ್ಪುಗಟ್ಟೋಕೆ ಮುಂಚೆ ಮೇಲಿನ ಚಳಿಗಾಲದ ಜಾಗ ಸೇರ್ಬೇಕು. ನೀನೂ ದೊಡ್ಡಮ್ಮನೂ ಬರ್ತೀರೋ ಇಲ್ವೋ? ಬಂದ್ರೆ ದೊಡ್ಡ ದೋಣಿ ತರ್ತೀನಿ. ಬರ್ದಿದ್ರೆ..." ಅವನು ಸೌದೆಯ ಹೊರೆಯ ಕಡೆ ನೋಡಿದ. "ಬರ್ದಿದ್ರೂ ಸೌದೆ ಕಡಿದುಕೊಟ್ಟು ಹೋಗ್ತೀನಿ."

"ಬಾತು ಹೋಗ್ಲಿ ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ. ಇನ್ನೂ ಹೋಗಿಲ್ಲ."

"ಸರಿ," ಎಂದ ಜೋಕಿಮ್. ಎದ್ದು ಹೋದ.

ಕೆಟ್ಟವನಲ್ಲ ಅವನು. ಯಾರೂ ಹಾಗೆ ತಿಳಿಯಬಾರದು. ಇಗ್ನಾಸನ ಚಿಕ್ಕಪ್ಪನ ಮಗ, ಹೆಂಡತಿಯನ್ನು ಹೆರಿಗೆಯಲ್ಲಿ ಕಳೆದುಕೊಂಡವನು, ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಲೆಯನ್ನೂ ಬೋನನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದವನು. ಆದರೆ ಗಂಡನಿಲ್ಲದ ಹೆಂಗಸು ಮೈದುನನ ದೋಣಿ ಹತ್ತಿ ಚಳಿಗಾಲದ ಜಾಗಕ್ಕೆ ಹೋಗುವುದೆಂದರೆ ಏನರ್ಥ ಎಂದು ನಮ್ಮ ಕರಾವಳಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಒಲೆ ಒಂದಾಯಿತು ಎಂದರೆ ಎಲ್ಲ ಒಂದಾಯಿತು. ಯುಲಾಲಿಗೂ ಅದು ಗೊತ್ತಿತ್ತು, ಅಗಾತಜ್ಜಿಗೂ ಗೊತ್ತಿತ್ತು. ಹೋಗದೆ ಉಳಿದರೆ ಇಬ್ಬರು ಹೆಂಗಸರು ಪಾದ್ರಿಯ ಮನೆಯ ಹಿಂದೆ ಡೇರೆ ಹಾಕಿಕೊಂಡು, ಸರ್ಕಾರದ ಹಿಟ್ಟು ತಿಂದುಕೊಂಡು, ವಸಂತದವರೆಗೆ ಕೆಮ್ಮುತ್ತಾ ಕೂರಬೇಕು. ಇಗ್ನಾಸ್ ಬದುಕಿದ್ದಾನೆ ಎಂದು ಖಾತ್ರಿಯಿದ್ದಿದ್ದರೆ ಅವಳು ಅದನ್ನೂ ಮಾಡುತ್ತಿದ್ದಳು, ಹತ್ತು ಚಳಿಗಾಲ ಬೇಕಾದರೂ ಮಾಡುತ್ತಿದ್ದಳು. ಸತ್ತಿದ್ದಾನೆ ಎಂದು ಯಾರಾದರೂ ಬಂದು ಹೇಳಿದ್ದರೆ ಅತ್ತು ಮುಗಿಸುತ್ತಿದ್ದಳು. ಎರಡೂ ಇಲ್ಲ. ಅದೇ ಅವಳನ್ನು ತಿನ್ನುತ್ತಿದ್ದದ್ದು.

ಎರಡು ವರ್ಷದ ಹಿಂದೆ ಅವನನ್ನು ಕರೆದೊಯ್ದ ಬೇಸಿಗೆ ಅವಳು ದಡದಲ್ಲಿ ಇರಲೂ ಇಲ್ಲ. ಕ್ಷಯ ಯಾರಿಗಿದೆ ಎಂದು ನೋಡಲು ಎದೆಯ ಫೋಟೋ ತೆಗೆಯುವವರು ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಬಂದಿದ್ದರು. ಊರಿನವರೆಲ್ಲ ಸಾಲಾಗಿ ನಿಂತು, ಅಂಗಿ ಬಿಚ್ಚಿ, ಆ ತಣ್ಣನೆಯ ಹಲಗೆಗೆ ಎದೆ ಒತ್ತಿ, ನಗುತ್ತಾ ಬಂದಿದ್ದರು. ಮಾರನೆಯ ದಿನ ಕೆಲವರ ಹೆಸರು ಕರೆದು, ದಕ್ಷಿಣದ ಆಸ್ಪತ್ರೆಗೆ ವಿಮಾನ ಹತ್ತಿ ಎಂದರು. ಮನೆಗೆ ಹೋಗಿ ಇನ್ನೊಂದು ಅಂಗಿ ತರುತ್ತೇನೆ ಎಂದರೂ ಬಿಡಲಿಲ್ಲವಂತೆ. ಯುಲಾಲಿ ನದಿಯ ಮೇಲುಗಡೆ ಮೀನಿನ ಬಲೆ ಎತ್ತುತ್ತಿದ್ದಳು. ತಲೆಯ ಮೇಲೆ ವಿಮಾನ ಹೋಯಿತು. ಅವಳು ಹುಟ್ಟು ಎತ್ತಿ ಅದಕ್ಕೆ ಕೈಬೀಸಿದಳು! ಒಳಗೆ ಗಂಡ ಕೂತಿದ್ದಾನೆಂದು ಅವಳಿಗೆ ಹೇಗೆ ಗೊತ್ತಾಗಬೇಕು ಹೇಳಿ. ಆ ಕೈಬೀಸಿದ್ದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಕೈಯ ಮೇಲೆಯೇ ಸಿಟ್ಟು ಬರುತ್ತಿತ್ತು.

ಮೊದಲ ವರ್ಷ ಗುಣವಾಗಿ ಮರಳಿದ ಒಬ್ಬಿಬ್ಬರು ಸುದ್ದಿ ತಂದರು. ಇದ್ದಾನೆ, ದಪ್ಪಗಾಗಿದ್ದಾನೆ, ದಾದಿಯರಿಗೆ ನಮ್ಮ ಭಾಷೆಯ ಬೈಗುಳ ಕಲಿಸಿ ಇಟ್ಟಿದ್ದಾನೆ ಎಂದರು. ಆಮೇಲೆ ಯಾರೂ ಬರಲಿಲ್ಲ. ಪಾದ್ರಿಯನ್ನು ಕೇಳಿದರೆ ಪ್ರಾರ್ಥನೆ ಮಾಡು ಅನ್ನುತ್ತಿದ್ದ. ಪ್ರಾರ್ಥನೆಗೇನು, ಮಾಡಿದಳು, ಮೊಣಕಾಲು ಜಡ್ಡುಗಟ್ಟುವಷ್ಟು ಮಾಡಿದಳು.

ಅವಳಿಗೆ ಅವನು ಬೇಕಾಗಿತ್ತು. ಇದನ್ನು ಸುತ್ತಿಬಳಸಿ ಹೇಳುವುದೇನಿದೆ? ಹಾಸಿಗೆಗೆ ಬಂದವನು ಮಂಜಿನಂಥ ಪಾದಗಳನ್ನು ತಂದು ಅವಳ ಮೀನಖಂಡಕ್ಕೆ ಒತ್ತುತ್ತಿದ್ದ. ಅವಳು ಬಾಯಿಗೆ ಬಂದಂತೆ ಬೈದು ಒದೆಯುತ್ತಿದ್ದಳು. ಈಗ ಆ ತಣ್ಣನೆ ಪಾದ ಬೇಕು ಎಂದು ಅಳು ಬರುತ್ತಿತ್ತು. ಪ್ರತಿ ಶರತ್ಕಾಲ ಹೆಬ್ಬಾತುಗಳು ದಕ್ಷಿಣಕ್ಕೆ ಹೊರಟಾಗ ಅವಳು ಕೆಸರು ಬಯಲಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಈ ಹಾಳು ಹಕ್ಕಿಗಳು ಆ ಆಸ್ಪತ್ರೆಯ ಮಾಡಿನ ಮೇಲಿಂದಲೇ ಹೋಗುತ್ತವೆ, ವಸಂತದಲ್ಲಿ ಅದರ ಮೇಲಿಂದಲೇ ಬರುತ್ತವೆ, ಒಂದಕ್ಕಾದರೂ ಬಾಯಿಬಿಟ್ಟು ಇದ್ದಾನೆ ಅಥವಾ ಇಲ್ಲ ಎಂದು ಹೇಳಲು ಬರುವುದಿಲ್ಲವಲ್ಲ ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಉಬ್ಬರ ಏರುವ ಹೊತ್ತಿಗೆ ಅವಳು ಬಂದೂಕು ತೆಗೆದುಕೊಂಡು ಮರೆಗೆ ಹೋದಳು. ಮರೆಯೆಂದರೆ ಇನ್ನೇನಲ್ಲ, ಹುಲ್ಲಿನ ಬಯಲು ಮುಗಿದು ಕೆಸರು ಶುರುವಾಗುವ ಕಡೆ ಒಂದಷ್ಟು ವಿಲೋ ರೆಂಬೆ ಸುತ್ತ ಚುಚ್ಚಿ ಮಾಡಿಕೊಂಡ ಗೂಡು. ಮುಂದೆ ಕೆಸರಿನ ಉಂಡೆಗಳನ್ನು ಸಾಲಾಗಿ ಇಟ್ಟು, ಮೇಲೊಂದು ರೆಕ್ಕೆ ಸಿಕ್ಕಿಸಿದ್ದಳು. ಮೇಲಿಂದ ನೋಡಿದರೆ ಹಿಂಡೊಂದು ಇಳಿದು ಮೇಯುತ್ತಿದೆ ಅನ್ನಿಸಬೇಕು. ಉಳಿದದ್ದೆಲ್ಲ ಗಂಟಲಿನ ಕೆಲಸ.

ನಮ್ಮಲ್ಲಿ ಕೂಗು ಕೇಳಿಯೇ ಯಾವ ಮರೆಯಲ್ಲಿ ಯಾರು ಕೂತಿದ್ದಾರೆಂದು ಹೇಳಿಬಿಡುತ್ತಾರೆ, ಪಕ್ಕದ ಡೇರೆಯಲ್ಲಿ ಯಾರು ಕೆಮ್ಮಿದರೆಂದು ಗೊತ್ತಾಗುವ ಹಾಗೆ. ಜೋಕಿಮ್‌ನದು ಗೊಗ್ಗರು ಕೂಗು, ಅವಸರದ್ದು. ಯುಲಾಲಿಯದು ತೆಳ್ಳಗೆ, ಹೆಣ್ಣು ಹಕ್ಕಿಯದೇ. ಇಗ್ನಾಸನದು ಮಾತ್ರ ಬೇರೆ ಯಾರೂ ಕೂಗದ ರೀತಿ. ಎಲ್ಲರ ಹಾಗೆ ದನಿಯನ್ನು ಎರಡು ಸಲ ಎಳೆದು, ಎರಡೆಳೆಯಲ್ಲಿ ಕರೆದು, ಕೊನೆಗೆ ದನಿ ತಗ್ಗಿಸಿ, ಗಂಟಲೊಳಗೇ ಗೊಣಗುವ ಹಾಗೆ ಒಂದು ಮಾತು ಸೇರಿಸುತ್ತಿದ್ದ. ಹೆಬ್ಬಾತು ನೆಲಕ್ಕೆ ಇಳಿದು, ಹೊಟ್ಟೆ ತುಂಬ ಮೇಯ್ದು, ಪಕ್ಕದಲ್ಲಿರುವ ಜೋಡಿಯೊಡನೆ ಆಡಿಕೊಳ್ಳುವ ಮಾತು ಅದು. ಆಕಾಶದಲ್ಲಿರುವ ಹಿಂಡಿಗೆ ಅದು ಕೇಳಿಸುವುದೇ ಇಲ್ಲ, ಸುಮ್ಮನೆ ಉಸಿರು ದಂಡ ಎಂದು ಹಿರಿಯರು ಅವನನ್ನು ಎಷ್ಟು ಬೈದರೂ ಬಿಡಲಿಲ್ಲ. "ಬಾ ಬಾ ಅಂತ ಕರೆದ್ರೆ ಸಾಕಾ? ಬಂದ್ರೆ ಏನಿದೆ ಅಂತ ಹೇಳ್ಬೇಡ್ವಾ?" ಅನ್ನುತ್ತಿದ್ದ. ಮದುವೆಗೆ ಮುಂಚೆ ಅವಳ ಅಪ್ಪನ ಡೇರೆಯ ಹಿಂದೆ ನಿಂತು ಆ ಗೊಣಗು ಮಾತ್ರ ಮಾಡುತ್ತಿದ್ದ, ಅವಳು ನೀರಿಗೆ ಹೋಗುವ ನೆಪದಲ್ಲಿ ಕೊಡ ಎತ್ತಿಕೊಂಡು ಹೊರಡುತ್ತಿದ್ದಳು.

ಅವಳು ಕೂಗಿದಳು. ದೂರದಲ್ಲಿ ಒಂದು ಸಣ್ಣ ಗುಂಪು ತಿರುಗಿತು, ಸುತ್ತು ಹಾಕಿತು, ಇಳಿಯುವಂತೆ ಮಾಡಿ ಮತ್ತೆ ಮೇಲೇರಿ ಹೋಯಿತು. ಇನ್ನೊಮ್ಮೆ ಕೂಗಿದಳು.

ತೊರೆಯ ಬಾಯಿಯ ಕಡೆಯಿಂದ ಉತ್ತರ ಬಂತು.

ದನಿ ಬಡಕಲಾಗಿತ್ತು. ಗಾಯಗೊಂಡ ಒಂಟಿ ಹಕ್ಕಿ ಇರಬೇಕೆಂದು ಅವಳು ಬಂದೂಕು ಎತ್ತಿದಳು. ಅಷ್ಟರಲ್ಲಿ ಎರಡೆಳೆ ಮುಗಿದು, ಕೊನೆಗೆ ದನಿ ತಗ್ಗಿ, ಗಂಟಲೊಳಗಿನ ಆ ಗೊಣಗು ಬಂತು.

ಯುಲಾಲಿಯ ಕೈಯಿಂದ ಬಂದೂಕು ಜಾರಿ ರೆಂಬೆಗಳ ಮೇಲೆ ಬಿತ್ತು. ಭ್ರಮೆ ಅಂದುಕೊಂಡಳು, ಏಕೆಂದರೆ ಇಂಥ ಭ್ರಮೆ ಅವಳಿಗೆ ಹೊಸದಲ್ಲ. ಕೂಗು ಮತ್ತೆ ಬಂತು, ಅದೇ ಎಳೆ, ಅದೇ ತಗ್ಗು, ಅದೇ ಗೊಣಗು. ಈ ಭೂಮಿಯ ಮೇಲೆ ಹಾಗೆ ಕೂಗುವವನು ಒಬ್ಬನೇ ಒಬ್ಬ.

"ಬಂದ!" ಎಂದು ಕಿರುಚಿದಳು. "ಅಯ್ಯೋ ನನ್ನಪ್ಪಾ, ಬಂದ!"

ಓಡಿದಳು. ಕೆಸರು ಬಯಲಲ್ಲಿ ಓಡುವುದು ಓಡುವುದಲ್ಲ, ಪ್ರತಿ ಹೆಜ್ಜೆಯಲ್ಲೂ ಕಾಲನ್ನು ನೆಲದಿಂದ ಕಿತ್ತುಕೊಳ್ಳುವುದು. ಒಂದು ಬೂಟು ಹೂತುಹೋಯಿತು, ಬಿಟ್ಟು ಓಡಿದಳು. ಉಬ್ಬರದ ನೀರು ಸಣ್ಣ ಕಾಲುವೆಗಳಲ್ಲಿ ಏರುತ್ತಿತ್ತು, ಸೊಂಟದವರೆಗೆ ಇಳಿದು ದಾಟಿದಳು. ತಲೆಬಟ್ಟೆ ಎಲ್ಲೋ ಬಿತ್ತು. ದಪ್ಪಗಾಗಿದ್ದಾನೆ ಅಂದಿದ್ದರಲ್ಲ, ದನಿ ಯಾಕೆ ಇಷ್ಟು ಸೊರಗಿದೆ, ಪರವಾಗಿಲ್ಲ, ಬಾತಿನ ಕೊಬ್ಬು ಕುಡಿಸಿದರೆ ಚಳಿಗಾಲದೊಳಗೆ ಸರಿಹೋಗುತ್ತಾನೆ, ಜೋಕಿಮ್‌ಗೆ ಹೇಳಬೇಕು, ಪಾಪ ಅವನು ಏನೂ ಅಂದುಕೊಳ್ಳುವುದಿಲ್ಲ. ಓಡುತ್ತಲೇ ಇಷ್ಟೆಲ್ಲ ಯೋಚಿಸಿಬಿಟ್ಟಳು. ಆಸೆಗೆ ಅಷ್ಟು ವೇಗವಿರುತ್ತದೆ ನೋಡಿ.

ತೊರೆಯ ದಂಡೆಯ ವಿಲೋ ಪೊದೆಗಳ ನಡುವೆ ಒಬ್ಬ ಗಂಡಸು ನಿಂತಿದ್ದ. ಪೇಟೆಯ ಕಂದು ಕೋಟು, ಕೈಯಲ್ಲಿ ಸಣ್ಣ ಪೆಟ್ಟಿಗೆ. ಎರಡೂ ಅಂಗೈ ಬಾಯಿಯ ಸುತ್ತ ಹಿಡಿದು ಇನ್ನೊಮ್ಮೆ ಕೂಗಲು ಉಸಿರೆಳೆದುಕೊಳ್ಳುತ್ತಿದ್ದ.

ಅವನಲ್ಲ. ಅವನಿಗಿಂತ ಗಿಡ್ಡ, ಅವನಿಗಿಂತ ಚಿಕ್ಕವನು, ಕೆನ್ನೆ ಒಳಗೆ ಹೋಗಿತ್ತು.

ಯುಲಾಲಿ ನಿಂತಲ್ಲೇ ನಿಂತಳು. ಅವನು ಅವಳನ್ನು ನೋಡಿ ಕೈ ಇಳಿಸಿದ. ಒಂದು ಕಾಲಿಗೆ ಬೂಟಿಲ್ಲದೆ, ಸೊಂಟದವರೆಗೆ ಒದ್ದೆಯಾಗಿ ನಿಂತವಳನ್ನು ಕಂಡು ಅವನ ಮುಖದ ಬಣ್ಣ ಹೋಯಿತು. ಏನು ಮಾಡಿಬಿಟ್ಟೆ ಎಂದು ಅವನಿಗೆ ಆಗಲೇ ಗೊತ್ತಾಗಿರಬೇಕು.

"ಯುಲಾಲಿಯಕ್ಕ?" ಎಂದ. "ನಾನು ಓವಿಡ್. ದಕ್ಷಿಣದ ಆ ಕಡೆ ನದಿಯವನು. ಆಸ್ಪತ್ರೇಲಿ ಅವನ ಪಕ್ಕದ ಮಂಚ ನಂದು."

"ಅವನೆಲ್ಲಿ?"

ಓವಿಡ್ ಪೆಟ್ಟಿಗೆ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. "ಆಸ್ಪತ್ರೆಯೋರು ಹೇಳಿ ಕಳಿಸ್ತೀವಿ ಅಂದಿದ್ರು. ಹೇಳ್ಲಿಲ್ವಾ?"

"ಯಾರೂ ಏನೂ ಹೇಳ್ಲಿಲ್ಲ. ಅವನೆಲ್ಲಿ?"

"ವಸಂತದಲ್ಲೇ ಹೋಗ್ಬಿಟ್ಟ ಅಕ್ಕ. ಹಕ್ಕಿ ಬರೋಕೆ ಸ್ವಲ್ಪ ಮುಂಚೆ."

ಅವಳು ಅವನನ್ನು ಹೊಡೆದಳು. ಕೆಸರು ಮೆತ್ತಿದ ಕೈಯಿಂದ ಭುಜಕ್ಕೆ, ಎದೆಗೆ, ಎಲ್ಲಿ ಸಿಕ್ಕಿತೋ ಅಲ್ಲಿಗೆ. "ಬಾಯಿ ಇರ್ಲಿಲ್ವಾ ನಿಂಗೆ? ಮನುಷ್ಯನ ಹಾಗೆ ಕೂಗೋಕೆ ಏನಾಗಿತ್ತು ನಿಂಗೆ? ಅವನ ಹಾಗೆ ಯಾಕೋ ಕೂಗಿದೆ, ಹಾಳಾದವನೇ! ಅವನ ಹಾಗೆ ಯಾಕೆ ಕೂಗಿದೆ!"

ಓವಿಡ್ ತಡೆಯಲಿಲ್ಲ. ಹೊಡೆಸಿಕೊಂಡು ನಿಂತ. ಅವನಿಗೆ ಕೆಮ್ಮು ಬಂದಾಗಲೇ ಅವಳ ಕೈ ನಿಂತದ್ದು. ಅವಳು ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತಳು, ಅವನೂ ಸ್ವಲ್ಪ ದೂರದಲ್ಲಿ ಕೂತ.

"ಅವನೇ ಹೇಳಿದ್ದು," ಎಂದ ಕೆಮ್ಮು ಇಳಿದ ಮೇಲೆ. "ತೊರೆ ಬಾಯಲ್ಲಿ ನಿಂತು ಹೀಗೆ ಕೂಗು, ನಾನು ಕಳಿಸಿದವನು ಅಂತ ಅವಳಿಗೆ ಗೊತ್ತಾಗತ್ತೆ, ಹೊಸಬ ಅಂತ ಹೆದರ್ಕೊಳ್ಳಲ್ಲ, ನೀನು ಬಾಯಿ ಬಿಡೋ ಮುಂಚೆ ಅರ್ಥ ಆಗತ್ತೆ ಅಂದ. ನಾನೂ ಸರಿ ಅಂದ್ಕೊಂಡೆ. ಇಬ್ಬರಿಗೂ ಹೊಳೀಲಿಲ್ಲ ಅಕ್ಕ."

ಎಂಥ ದಡ್ಡ ಅವನು! ಸಾಯುವ ಗಂಡಸು ಮಲಗಿದಲ್ಲೇ ಯೋಚಿಸಿ ಯೋಚಿಸಿ ಹೆಂಡತಿಗೆ ನೋವಾಗದ ಹಾಗೆ ಸುದ್ದಿ ಮುಟ್ಟಿಸುವ ಉಪಾಯ ಹುಡುಕಿದನಂತೆ, ಹುಡುಕಿದ್ದು ಇದನ್ನು. ತನ್ನ ಕೂಗು ಕೇಳಿದರೆ ಅವಳಿಗೆ ತನ್ನ ಸುದ್ದಿ ಬಂತು ಅನ್ನಿಸುತ್ತದೆ ಎಂದುಕೊಂಡ. ತಾನೇ ಬಂದೆ ಅನ್ನಿಸುತ್ತದೆ ಎಂದು ಒಂದು ಕ್ಷಣವಾದರೂ ಹೊಳೆಯಬಾರದೇ? ಯುಲಾಲಿಗೆ ಅಳುವಿನ ನಡುವೆ ನಗು ಬಂತು, ನಗುವಿನ ನಡುವೆ ಅಳು ಜೋರಾಯಿತು.

ಆಮೇಲೆ ಓವಿಡ್ ಒಂದೊಂದಾಗಿ ಹೇಳಿದ. ಆ ಆಸ್ಪತ್ರೆಯಲ್ಲಿ ಗಾಳಿ ಒಳ್ಳೆಯದೆಂದು ಮಂಚಗಳನ್ನು ತೆರೆದ ಜಗುಲಿಗೆ ತಳ್ಳುತ್ತಿದ್ದರಂತೆ. ಹೋದ ವರ್ಷ ವಸಂತದಲ್ಲಿ ಮೇಲೆ ಹೆಬ್ಬಾತು ಹಾದುಹೋದಾಗ ನಮ್ಮ ಕರಾವಳಿಯ ಗಂಡಸರೆಲ್ಲ ಮಲಗಿದಲ್ಲಿಂದಲೇ ಕೂಗಲು ಶುರುಮಾಡಿದರಂತೆ. ಎದೆ ಅಲುಗಬಾರದು, ಗಟ್ಟಿಯಾಗಿ ಮಾತೂ ಆಡಬಾರದು ಎಂದು ಕಟ್ಟಪ್ಪಣೆಯಿದ್ದವರು! ಹಿಂಡು ತಿರುಗಿ ಬಂದು ಮಾಡಿನ ಮೇಲೆ ಸುತ್ತಿ ಸುತ್ತಿ, ಕೊನೆಗೆ ಆಸ್ಪತ್ರೆಯ ಹೂವಿನ ತೋಟದಲ್ಲಿ ಇಳಿದೇಬಿಟ್ಟಿತು. ದಾದಿಯರು ಪೊರಕೆ ಹಿಡಿದು ಓಡಿಬಂದರು. "ಇಗ್ನಾಸ್ ನಕ್ಕೂ ನಕ್ಕೂ ರಕ್ತ ಕಾರಿಕೊಂಡ," ಎಂದ ಓವಿಡ್. "ಶಿಕ್ಷೆ ಅಂತ ಮೂರು ದಿನ ನಮಗೆ ಸಿಹಿ ಕೊಡ್ಲಿಲ್ಲ. ಆದ್ರೂ ಅಷ್ಟು ಸಂತೋಷ ಆ ಜಾಗದಲ್ಲಿ ಇನ್ಯಾವತ್ತೂ ನೋಡ್ಲಿಲ್ಲ ನಾನು."

"ಎಲ್ಲಿಟ್ರು ಅವನನ್ನ?"

"ಅಲ್ಲೇ, ಊರಾಚೆ. ನನ್ನನ್ನ ಮಂಚ ಬಿಟ್ಟೇಳೋಕೆ ಬಿಡ್ಲಿಲ್ಲ. ಕಿಟಕೀಲಿ ಗಾಡಿ ಹೋಗೋದು ನೋಡ್ದೆ."

ಯುಲಾಲಿ ಮೂಗು ಒರೆಸಿಕೊಂಡಳು. ಆಗ ಅವಳಿಗೆ ನೆನಪಾಯಿತು. "ಅಯ್ಯಯ್ಯೋ, ಅತ್ತೆ! ಅತ್ತೆ ಕೇಳಿಸ್ಕೊಂಡಿರ್ತಾರೆ!"

ಕೇಳಿಸಿಕೊಂಡಿದ್ದಳು. ಅವಳೊಬ್ಬಳೇ ಅಲ್ಲ, ಜೋಕಿಮ್ ಕೂಡ ಕೇಳಿಸಿಕೊಂಡಿದ್ದ. ಇವರಿಬ್ಬರೂ ಹುಲ್ಲಿನ ಬಯಲು ದಾಟುವಷ್ಟರಲ್ಲಿ ಅವನು ಎದುರಿಗೆ ಓಡಿ ಬರುತ್ತಿದ್ದ, ಟೋಪಿ ಬೀಸುತ್ತಾ, ಹುಚ್ಚನ ಹಾಗೆ ನಗುತ್ತಾ. "ಅಣ್ಣಾ! ಏ ಸೋಮಾರಿ! ಇಷ್ಟು ದಿನ ಆಸ್ಪತ್ರೆ ಗಂಜಿ ಕುಡ್ಕೊಂಡು ಬಿದ್ದಿದ್ಯಾ, ನನಗೆ ಸೌದೆ ಕಡಿಯೋಕೆ ಹೇಳಿ!" ಬೆಳಿಗ್ಗೆ ಅವಳನ್ನು ಕೇಳಲು ಬಂದಿದ್ದವನೇ ಇವನು. ಅಣ್ಣ ಬಂದನೆಂದು ಆ ಮುಖದಲ್ಲಿದ್ದ ಸಂತೋಷದಲ್ಲಿ ಒಂದು ಚೂರೂ ಕಲಬೆರಕೆ ಇರಲಿಲ್ಲ. ಹತ್ತಿರ ಬಂದು ಓವಿಡ್‌ನ ಮುಖ ನೋಡಿದ, ಅವಳ ಮುಖ ನೋಡಿದ. ಟೋಪಿ ಬೀಸುತ್ತಿದ್ದ ಕೈ ಹಾಗೇ ನಿಂತಿತು.

"ಓಹ್," ಎಂದ. ಮೂವರೂ ಡೇರೆಯ ಕಡೆ ನಡೆದರು.

ಅಗಾತಜ್ಜಿ ಡೇರೆಯ ಹೊರಗೆ ಗೂಟ ಹಿಡಿದು ನಿಂತಿದ್ದಳು. ಹಬ್ಬಕ್ಕೆ ಕಟ್ಟುವ ಹೂವಿನ ತಲೆಬಟ್ಟೆ ಕಟ್ಟಿದ್ದಳು. ಒಳಗೆ ಬೆಂಕಿ ದೊಡ್ಡದು ಮಾಡಿ, ಕೊಬ್ಬಿದ ಹೆಬ್ಬಾತೊಂದನ್ನು ದಾರಕ್ಕೆ ಕಟ್ಟಿ ಬೆಂಕಿಯ ಮುಂದೆ ತಿರುಗಲು ಬಿಟ್ಟಿದ್ದಳು, ಅದು ಸುತ್ತುತ್ತಾ ಕೊಬ್ಬು ತೊಟ್ಟಿಕ್ಕಿಸುತ್ತಿತ್ತು. ನೆಲಕ್ಕೆ ಹಾಸಿದ ಸ್ಪ್ರೂಸ್ ರೆಂಬೆಗಳ ಮೇಲೆ ಮಗನ ಹಾಸಿಗೆ ಬಿಡಿಸಿ ಹಾಕಿದ್ದಳು. ಕಣ್ಣು ಕಾಣದವಳು ಅಷ್ಟು ಹೊತ್ತಿನಲ್ಲಿ ಅದೆಲ್ಲ ಹೇಗೆ ಮಾಡಿದಳೋ ದೇವರೇ ಬಲ್ಲ.

ಯುಲಾಲಿ ಬಾಯಿ ತೆರೆಯುವ ಮುಂಚೆಯೇ ಮುದುಕಿ ಹೇಳಿದಳು. "ನೀನು, ಜೋಕಿಮ್, ಇನ್ನೊಬ್ಬ. ಆ ಇನ್ನೊಬ್ಬ ನನ್ನ ಮಗ ಅಲ್ಲ. ಇವನು ಕಾಲು ಎಳೆದು ನಡೀತಾನೆ."

"ಅತ್ತೆ," ಎಂದಳು ಯುಲಾಲಿ.

"ಕೂಗು ಅವನದೇ ಆಗಿತ್ತು."

"ಕೂಗು ಅವನದೇ ಅತ್ತೆ. ಇವನ ಕೈಲಿ ಕಳಿಸಿದ್ದಾನೆ. ಅವನಿಲ್ಲ."

ಮುದುಕಿ ಗೂಟವನ್ನು ಬಿಡಲಿಲ್ಲ. ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತಳು, ನಿಂತೇ ಅತ್ತಳು, ಮಗನ ಹೆಸರನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಮೊಟಕು ಮಾಡಿ ಕರೆದು ಅತ್ತಳು. ಯುಲಾಲಿ ಅವಳನ್ನು ಅಪ್ಪಿ ಹಿಡಿದುಕೊಂಡಳು. ಜೋಕಿಮ್ ಕೊಡಲಿ ಎತ್ತಿಕೊಂಡು ಹಿಂದೆ ಹೋಗಿ, ಬೆಳಿಗ್ಗೆ ತಾನೇ ತಂದಿದ್ದ ಸೌದೆಯನ್ನು ಇನ್ನೂ ಸಣ್ಣದಾಗಿ ಸೀಳತೊಡಗಿದ.

ತುಂಬ ಹೊತ್ತಾದ ಮೇಲೆ ಅಗಾತಜ್ಜಿ ಕೈಚಾಚಿದಳು. "ಎಲ್ಲಿ, ಹತ್ರ ಬಾ," ಎಂದು ಓವಿಡ್‌ನ ಮುಖ ಮುಟ್ಟಿ ನೋಡಿದಳು. "ಮೈಮೇಲೆ ಮಾಂಸವೇ ಇಲ್ಲ ನಿನಗೆ. ಯಾರ ಮಗನಪ್ಪ ನೀನು?"

"ಆ ಕಡೆ ನದಿಯ ಮಾಲ್ವಿನಾ ಮಗ, ಅಜ್ಜಿ."

"ಅವಳು ಇದ್ದಾಳಾ?"

"ಇದ್ದಾಳಂತೆ. ವಿಮಾನ ಇಳಿದ ಕಡೆ ಹೇಳಿದ್ರು. ಬಾತು ಬೇಟೆಯ ಡೇರೇಲಿ ಇದ್ದಾಳಂತೆ."

"ನೀನು ಬಿಡುಗಡೆ ಆದದ್ದು ಅವಳಿಗೆ ಗೊತ್ತಾ?"

"ಇಲ್ಲ. ಮಾತು ಕೊಟ್ಟಿದ್ದೆ, ಅದಕ್ಕೆ ಮೊದಲು ಇಲ್ಲಿಗೆ ಬಂದೆ."

"ಅಯ್ಯೋ ಮಂಕೇ!" ಎಂದಳು ಮುದುಕಿ. ಕಣ್ಣೀರಿನ್ನೂ ಇಳಿಯುತ್ತಿತ್ತು, ದನಿ ಮಾತ್ರ ಬೈಗುಳದ್ದು. "ಸತ್ತವನಿಗೆ ಏನು ಅವಸರ? ಬದುಕಿ ಬಂದವನು ಮೊದಲು ಅಮ್ಮನ ಹತ್ರ ಹೋಗ್ಬೇಡ್ವಾ? ಅವಳು ಅಲ್ಲಿ ದಿನಾ ಮೇಲೆ ನೋಡ್ಕೊಂಡು ಕೂತಿರ್ತಾಳೆ ಕಣೋ! ಕೂತ್ಕೋ, ತಿನ್ನು. ಬೆಳಿಗ್ಗೆ ಉಬ್ಬರಕ್ಕೆ ಹೊರಡು."

ಓವಿಡ್ ಇಗ್ನಾಸನಿಗಾಗಿ ಸುಟ್ಟ ಹೆಬ್ಬಾತನ್ನು ತಿಂದ. ಮೊದಲು ನಾಚಿಕೊಂಡು ತಿಂದ, ಆಮೇಲೆ ಹಸಿವು ಗೆದ್ದಿತು. ಮುದುಕಿ ಅವನು ಅಗಿಯುವ ಸದ್ದು ಕೇಳುತ್ತಾ ಪಕ್ಕದಲ್ಲೇ ಕೂತಿದ್ದಳು. ಬಟ್ಟಲು ಖಾಲಿಯಾದಾಗಲೆಲ್ಲ ಕೈತಡವಿ ಇನ್ನೊಂದು ತುಂಡು ಹಾಕಿದಳು.

ಬೆಳಿಗ್ಗೆ ಜೋಕಿಮ್ ತಾನು ಬಿಟ್ಟು ಬರುತ್ತೇನೆ ಎಂದ. ಯುಲಾಲಿ ಒಪ್ಪಲಿಲ್ಲ. "ಅವನು ಕಳಿಸಿದವನು. ನಾನೇ ಬಿಟ್ಟು ಬರ್ತೀನಿ. ನೀನು ಅತ್ತೆ ಹತ್ರ ಇರು," ಎಂದಳು. ಜೋಕಿಮ್ ತಲೆಯಾಡಿಸಿ, ಅವಳ ಬೂಟನ್ನು ಮುಂದಿಟ್ಟ. ಬೆಳಕು ಹರಿಯುವ ಮುಂಚೆ ಇಳಿತದಲ್ಲಿ ಹೋಗಿ ಕೆಸರಿನಿಂದ ಕಿತ್ತು, ತೊಳೆದು, ಬೆಂಕಿಗೆ ಹಿಡಿದು ತಂದಿದ್ದ. ಅವಳು ಅದನ್ನು ಹಾಕಿಕೊಂಡಳು.

ಕರಾವಳಿಯುದ್ದಕ್ಕೂ ನೀರು ಆಳವಿರಲಿಲ್ಲ. ಹುಟ್ಟು ಕೆಲವು ಕಡೆ ನೆಲ ಮುಟ್ಟುತ್ತಿತ್ತು. ಓವಿಡ್ ಮುಂದೆ ಕೂತು ಆಗಾಗ ಹುಟ್ಟು ಹಾಕಿ, ಆಗಾಗ ಉಸಿರು ಬಿಡಲು ನಿಲ್ಲುತ್ತಿದ್ದ. ಅವನ ಬೆನ್ನು ಅವಳ ಕಣ್ಣೆದುರು ಇತ್ತು. ದೋಣಿಯಲ್ಲಿ ಮುಂದೆ ಕೂತ ಗಂಡಸಿನ ಬೆನ್ನು ನೋಡುತ್ತಾ ಹೋಗುವುದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಮುಖ ಕಾಣದಿರುವಷ್ಟು ಹೊತ್ತು ಯಾರೆಂದು ಬೇಕಾದರೂ ಅಂದುಕೊಳ್ಳಬಹುದಿತ್ತು. ಒಂದೆರಡು ಬಾರಿ ಅಂದುಕೊಂಡಳು. ಆಮೇಲೆ ತನಗೇ ಅಸಹ್ಯವಾಗಿ ಬೇರೆ ಕಡೆ ನೋಡಿದಳು.

ತಲೆಯ ಮೇಲೆ ಹೆಬ್ಬಾತುಗಳು ಹೋಗುತ್ತಿದ್ದವು. ಕೆಳಗೆ ಇಳಿಯುವ ಯೋಚನೆಯಿಲ್ಲದ ಹಕ್ಕಿಗಳು, ಬಹಳ ಎತ್ತರದಲ್ಲಿ, ಯಾರ ಕೂಗಿಗೂ ತಿರುಗದಂಥವು. ಒಂದು ಸಾಲು, ಅದರ ಹಿಂದೆ ಇನ್ನೊಂದು, ಮತ್ತೊಂದು. ನಡುಹಗಲಿನ ಹೊತ್ತಿಗೆ ಆಕಾಶ ಖಾಲಿಯಾಯಿತು. ಅವಳು ಹಿಂದಕ್ಕೆ, ಉತ್ತರಕ್ಕೆ ತಿರುಗಿ ನೋಡಿದಳು. ಇನ್ನೇನೂ ಬರುತ್ತಿರಲಿಲ್ಲ.

"ಕೊನೇದು ಅನ್ಸತ್ತೆ," ಎಂದ ಓ‌ವಿಡ್.

"ಹೂಂ," ಎಂದಳು.

ಆ ಕಡೆ ನದಿಯ ಬಾಯಿ ಕಂಡಿತು. ದಂಡೆಯ ಮೇಲೆ ಎರಡು ಡೇರೆ, ಹೊಗೆ, ಕಟ್ಟಿಹಾಕಿದ ನಾಯಿಗಳು. ಓವಿಡ್ ಹುಟ್ಟನ್ನು ಒಳಗಿಟ್ಟು ನೆಟ್ಟಗೆ ಕೂತ. ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದ.

ಯುಲಾಲಿ ಹುಟ್ಟಿನಿಂದ ದೋಣಿಯ ಅಂಚಿಗೆ ಬಡಿದಳು. "ಬೇಡ! ಹಾಗೆ ಕೂಗ್ಬೇಡ."

ಅವನು ತಿರುಗಿ ನೋಡಿದ.

"ಬಾತಿನ ಹಾಗೆ ಕೂಗ್ಬೇಡ. ನಿನ್ನ ದನೀಲಿ ಕೂಗು. ನಿನ್ನ ಹೆಸರು ಹೇಳು. ನೀನೇ ಬಂದಿದ್ದೀಯ ಅಂತ ಅವಳಿಗೆ ಗೊತ್ತಾಗ್ಬೇಕು."

"ಗಟ್ಟಿಯಾಗಿ ಕೂಗಿ ಎಷ್ಟೋ ಕಾಲ ಆಯ್ತು ಅಕ್ಕ. ಅಲ್ಲಿ ಬಿಡ್ತಿರ್ಲಿಲ್ಲ. ಬರತ್ತೋ ಇಲ್ವೋ."

"ಬರತ್ತೆ. ಕೂಗು."

ಅವನು ಉಸಿರೆಳೆದುಕೊಂಡ. "ಅಮ್ಮಾ," ಎಂದ. ಅದು ದೋಣಿಯೊಳಗೇ ಬಿತ್ತು. ಇನ್ನೊಮ್ಮೆ ಉಸಿರೆಳೆದ. "ಅಮ್ಮಾ! ನಾನು! ಓವಿಡ್!" ದನಿ ನಡುವೆ ಒಡೆದುಹೋಯಿತು, ಆದರೆ ನೀರಿನ ಮೇಲೆ ಹೋಯಿತು. ನಾಯಿಗಳು ಬೊಗಳತೊಡಗಿದವು. ಡೇರೆಯ ಬಟ್ಟೆ ಸರಿಯಿತು. ದಪ್ಪನೆಯ ಹೆಂಗಸೊಬ್ಬಳು, ಮೊಣಕೈವರೆಗೂ ರೊಟ್ಟಿಯ ಹಿಟ್ಟು ಮೆತ್ತಿಕೊಂಡವಳು, ಹೊರಬಂದು ಒಂದು ಕ್ಷಣ ನಿಂತಳು. ಆಮೇಲೆ ಕಿರುಚುತ್ತಾ ನೀರಿಗೇ ಇಳಿದುಬಂದಳು.

ಓವಿಡ್ ದೋಣಿಯಿಂದ ಹಾರಿದ. ದೋಣಿ ಮಗುಚಿಕೊಳ್ಳುವಷ್ಟು ವಾಲಿತು. ಯುಲಾಲಿಯೂ ನೀರಿಗೆ ಇಳಿದು ಅಂಚು ಹಿಡಿದಳು. ಇಳಿತ ಶುರುವಾಗಿತ್ತು. ಯಾರೂ ಹಿಡಿಯದಿದ್ದರೆ ದೋಣಿ ಸಮುದ್ರದ ಪಾಲಾಗುತ್ತಿತ್ತು. ಮೊಣಕಾಲುದ್ದ ನೀರಲ್ಲಿ ಅವಳು ದೋಣಿ ಹಿಡಿದು ನಿಂತು ಆ ತಾಯಿಯನ್ನು ನೋಡಿದಳು. ತಾಯಿ ಮಗನ ಕಿವಿ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು, ಕೋಟಿನ ಗುಂಡಿ ಬಿಚ್ಚಿ ಎದೆಗೆ ಕಿವಿ ಇಟ್ಟು ಕೇಳಿದಳು, ಕೆನ್ನೆಗೆ ಒಂದು ಬಾರಿಸಿ ಮತ್ತೆ ಅಪ್ಪಿಕೊಂಡಳು. ಅವನ ಕೂದಲ ತುಂಬ ಹಿಟ್ಟಾಯಿತು. ಯುಲಾಲಿಗೆ ಹೊಟ್ಟೆಕಿಚ್ಚಾಯಿತು. ಕಣ್ಣು ಕೀಳಲು ಮಾತ್ರ ಆಗಲಿಲ್ಲ, ಪೂರ್ತಿ ನೋಡಿದಳು. ಎದುರಿಗೆ ನಡೆಯುತ್ತಿದ್ದದ್ದು ಎರಡು ವರ್ಷ ದಿನವೂ ಅವಳ ತಲೆಯೊಳಗೆ ನಡೆದದ್ದೇ ಆಗಿತ್ತು.

ಕೊನೆಗೆ ಆ ತಾಯಿ ಮಗನನ್ನು ತೋಳಿನಿಂದ ಬಿಡದೆಯೇ ಇತ್ತ ತಿರುಗಿದಳು. ನೀರಲ್ಲಿ ದೋಣಿ ಹಿಡಿದು ನಿಂತವಳನ್ನು ಆಗಷ್ಟೇ ಕಂಡವಳ ಹಾಗೆ ನೋಡಿದಳು.

"ನನ್ನ ಮಗನನ್ನ ತಂದುಕೊಟ್ಯಲ್ಲಮ್ಮ, ತಾಯಿ! ಯಾರು ನೀನು? ಯಾರ ಕಡೆಯವಳು?"

"ಇಗ್ನಾಸನ ಹೆಂಡ್ತಿ," ಎಂದಳು ಯುಲಾಲಿ. ಹಾಗೆ ಹೇಳಿಕೊಳ್ಳುವುದು ಇದೇ ಕೊನೆಯ ಸಲ ಎಂದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಅದಕ್ಕೇ ಗಟ್ಟಿಯಾಗಿ ಹೇಳಿದಳು.